ಬಾಗಿಲ ಬದಿಯ ಆರು ತೊಟ್ಟಿಗಳು

"ಇಲ್ಲ ಸರ್, ಇವತ್ತೇ ಮೊದಲು" ಎಂದು ನಾಲ್ಕು ವರ್ಷಗಳ ಹಿಂದೆ ನನ್ನ ಮಾರ್ಗದರ್ಶಕರಿಗೆ ನಾನು ಹೇಳಿದ್ದು ಸುಳ್ಳು. ಅದಾದ ಎರಡು ನಿಮಿಷದೊಳಗೆ ಇನ್ನೊಬ್ಬರಿಗೆ, ಇನ್ನೊಂದು ಭಾಷೆಯಲ್ಲಿ ಇನ್ನೊಂದು ಸುಳ್ಳು ಹೇಳಿದೆ. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದ್ದು. ಆಗ ಹಾಗೆ ಅನ್ನಿಸಿರಲಿಲ್ಲ — ಆಗ ಅದು ಉಪಕಾರದ ಹಾಗೆ ಕಂಡಿತ್ತು.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಕನ್ನಡ ಸಂಘದ ಈ ಪತ್ರಿಕೆಯಲ್ಲೇ ನನ್ನ ಫೋಟೋ ಬಂದಿತ್ತು. ಡೋಂಬಿವಲಿಯ ಸಭಾಗೃಹದಲ್ಲಿ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, "ಮೀನುಮರಿಗಳಿಗೆ ಒತ್ತಡ ತಾಳುವ ಶಕ್ತಿ ಕೊಡುವ ಆಹಾರ ಕಂಡುಹಿಡಿದ ನಮ್ಮ ಹುಡುಗಿ" ಎಂದು ಪರಿಚಯಿಸಿದಿರಿ. ಚಪ್ಪಾಳೆ ತಟ್ಟಿದಿರಿ. ನಾನು ಕೈ ಮುಗಿದೆ. ಆ ಚಪ್ಪಾಳೆ ನನಗೆ ಸೇರಬೇಕಾದ್ದಲ್ಲ. ಆದ್ದರಿಂದ ಇದನ್ನು ಇಲ್ಲೇ ಬರೆಯುತ್ತಿದ್ದೇನೆ.

ನಾನು ಡೋಂಬಿವಲಿಯಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಉಡುಪಿ ಕಡೆಯವರು. ಮನೆಯಲ್ಲಿ ತುಳು, ಮೆಟ್ಟಿಲಿಳಿದರೆ ಮರಾಠಿ, ಭಾನುವಾರ ಅಮ್ಮ ಕೂರಿಸಿ ಬರೆಸಿದ ಕನ್ನಡ. ಎಂ.ಎಸ್‌ಸಿ ಪ್ರಬಂಧಕ್ಕೆ ನವಿ ಮುಂಬಯಿಯ ಒಂದು ಸಂಶೋಧನಾ ಕೇಂದ್ರದಲ್ಲಿ ರೋಹು ಮೀನಿನ ಮರಿಗಳ ಮೇಲೆ ಕೆಲಸ ಮಾಡುತ್ತಿದ್ದೆ. ಮಾರ್ಗದರ್ಶಕರು ಮೈಸೂರಿನವರು. ಇಲ್ಲಿಗೆ ಬಂದು ವರ್ಷವಾಗಿರಲಿಲ್ಲ. ಮರಾಠಿ ಬಾರದು, ಹಿಂದಿ ಮಾತಾಡಬೇಕಾದರೆ ಬೆವರುತ್ತಿದ್ದರು. ನನ್ನ ಜೊತೆ ಕನ್ನಡ ಸಿಕ್ಕಿದ್ದು ಅವರಿಗೆ ದೊಡ್ಡ ಸಮಾಧಾನ. ಬೇಬಿ ಮಾವಶಿ (ಮಾವಶಿ ಎಂದರೆ ಚಿಕ್ಕಮ್ಮ) ಅಲ್ಲಿನ ಸಹಾಯಕಿ — ತೊಟ್ಟಿ ತೊಳೆಯುವುದು, ನೀರು ಬದಲಿಸುವುದು, ಮೀನಿಗೆ ಮೇವು ಹಾಕುವುದು. ಕಾಮೋಠೆಯಿಂದ ಆಚೆ ಇರುವ ಒಂದು ಹಳ್ಳಿಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವರಿಗೆ ಮರಾಠಿ ಮಾತ್ರ, ಹಿಂದಿ ಅಷ್ಟಕ್ಕಷ್ಟೇ. ಹೀಗಾಗಿ ಸರ್ ಏನು ಹೇಳಿದರು ಎಂದು ಮಾವಶಿಗೂ, ಮಾವಶಿ ಏನೆಂದರು ಎಂದು ಸರ್‌ಗೂ ತಿಳಿಸಬೇಕಾದವಳು ನಾನೊಬ್ಬಳೇ. ಈ ಮಾತು ನೆನಪಿನಲ್ಲಿರಲಿ.

ಪ್ರಬಂಧದ ಪ್ರಶ್ನೆ ಸರಳವಾಗಿತ್ತು. ಮೀನುಮರಿಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಬಹಳಷ್ಟು ಸಾಯುತ್ತವೆ. ಬಲೆಯಲ್ಲಿ ಎತ್ತಿದ್ದು, ಚೀಲದೊಳಗಿನ ಇಕ್ಕಟ್ಟು, ಟೆಂಪೋದ ಕುಲುಕಾಟ — ರೋಗಕ್ಕಿಂತ ಮೊದಲು ಗಾಬರಿಯೇ ಕೊಲ್ಲುತ್ತದೆ. ಎಳೆಯ ವಯಸ್ಸಿನ ಆಹಾರದಲ್ಲಿ ಏನಾದರೂ ಸೇರಿಸಿದರೆ ಅವು ಇದನ್ನು ತಾಳಿಕೊಂಡಾವೇ? ನಾನು ಸೇರಿಸಿದ್ದು ನುಗ್ಗೆಸೊಪ್ಪಿನ ಪುಡಿ ಮತ್ತು ವಿಟಮಿನ್ ಸಿ. ಒಟ್ಟು ಹನ್ನೆರಡು ತೊಟ್ಟಿ. ಆರಕ್ಕೆ ನನ್ನ ಮೇವು, ಆರಕ್ಕೆ ಮಾಮೂಲಿ ಮೇವು. ಎಂಟು ವಾರ ಸಾಕಿ, ಕೊನೆಗೆ ಎಲ್ಲವನ್ನೂ ಒಂದೇ ರೀತಿ ಗಾಬರಿಪಡಿಸಿ, ಎಷ್ಟು ಉಳಿಯುತ್ತವೆ ಎಂದು ಎಣಿಸುವುದು.

ಯಾವ ತೊಟ್ಟಿಗೆ ಯಾವ ಮೇವು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು ಎಂದು ಸರ್ ಹೇಳಿದ್ದರು. ಎತ್ತಿದೆ. ಎರಡನೇ ದಿನವೇ ಒಂದು ತೊಟ್ಟಿಗೆ ತಪ್ಪು ಮೇವು ಬಿತ್ತು. ನನಗೆ ಅಸ್ತವ್ಯಸ್ತ ಸಹಿಸಲಾಗದು — ಅಮ್ಮ ಈಗಲೂ ಹೇಳುತ್ತಾಳೆ, ಚಮಚಗಳನ್ನೂ ಸಾಲಾಗಿ ಒಣಗಿಸುವವಳು ಎಂದು. ಸರ್‌ಗೆ ಹೇಳದೆ ತೊಟ್ಟಿಗಳನ್ನು ಮರುಜೋಡಿಸಿ, ಪ್ರಯೋಗವನ್ನು ಮೊದಲಿನಿಂದ ಶುರುಮಾಡಿದೆ. ಬಾಗಿಲ ಬದಿಯ ಸಾಲು ಪೂರ್ತಿ ನನ್ನ ಮೇವಿಗೆ, ಗೋಡೆಯ ಬದಿಯ ಸಾಲು ಪೂರ್ತಿ ಮಾಮೂಲಿಗೆ. ಪುಡಿ ಬೆರೆಯಬಾರದೆಂದು ಇನ್ನೊಂದು ನಿಯಮ: ಒಂದು ಮೇವಿಗೆ ಒಂದೇ ಕೈ. ಬಾಗಿಲ ಬದಿಗೆ ಮಾವಶಿ, ಗೋಡೆಯ ಬದಿಗೆ ನಾನು. ಈ ಅಚ್ಚುಕಟ್ಟಿನ ಬಗ್ಗೆ ನನಗೆ ಹೆಮ್ಮೆಯಿತ್ತು. ತಪ್ಪು ಒಳಗೆ ಬಂದದ್ದು ಇಲ್ಲಿಂದಲೇ.

ಮೂರನೇ ವಾರ, ಒಂದು ಬೆಳಿಗ್ಗೆ ಬೇಗ ತಲುಪಿದ್ದೆ. ಮಾವಶಿ ಮೇವು ಹಾಕಿ ಮುಗಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ತೋಳನ್ನು ತೊಟ್ಟಿಗೆ ಇಳಿಸಿ ನೀರನ್ನು ಕಡೆಯುತ್ತಿದ್ದರು. ಮರಿಗಳು ದಿಕ್ಕೆಟ್ಟು ಓಡುತ್ತಿದ್ದವು. ಆಮೇಲೆ ಕೈಬಲೆಯಲ್ಲಿ ಅವನ್ನೆಲ್ಲ ಒಂದು ಮೂಲೆಗೆ ಒತ್ತಿ ಹಿಡಿದು, ಬಾಯಲ್ಲೇ ಹತ್ತು ಎಣಿಸಿ, ಬಿಟ್ಟುಬಿಟ್ಟರು. ಮುಂದಿನ ತೊಟ್ಟಿ. ಮತ್ತೆ ಅದೇ.

"ಮಾವಶಿ, ಏನಿದು?"

ಅವರು ತಿರುಗಿ ನಕ್ಕರು. ಅವರ ಮರಾಠಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. "ಸವಯ್ ಲಾವಾಯ್ಲಾ ಪಾಹಿಜೆ, ಪೋರಿ. ಅಭ್ಯಾಸ ಆಗಬೇಕು ಇವಕ್ಕೆ. ನಮ್ಮಪ್ಪ ಮರಿ ಮಾರ್ತಿದ್ದ. ಹಂಡೆಯಲ್ಲಿ ತುಂಬಿಸಿ ಹೊತ್ಕೊಂಡು ಹೋಗೋ ಮುಂಚೆ ಹೀಗೇ ದಿನಾ ಕಡೆದು ಕಡೆದು ಗಟ್ಟಿ ಮಾಡ್ತಿದ್ದ. ಮುದ್ದಿನ ಮಕ್ಕಳೇ ಅಲ್ವಾ ಎಸ್‌ಟಿ ಬಸ್ಸಲ್ಲಿ ವಾಂತಿ ಮಾಡೋದು?"

ನಾನೂ ನಕ್ಕಿರಬೇಕು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು: "ನಿನ್ನನ್ನೇ ನೋಡು. ಕಡ್ಡಿ ಹಾಗಿದ್ದೀಯ. ದಿನಾ ಡೋಂಬಿವಲಿ ಲೋಕಲ್‌ನಲ್ಲಿ ಹಿಂಡಿಸ್ಕೊಂಡೇ ಗಟ್ಟಿಯಾಗಿರೋದು. ನುಗ್ಗೆಸೊಪ್ಪು ತಿಂದಲ್ಲ."

ನುಗ್ಗೆಸೊಪ್ಪು ತಿಂದಲ್ಲ. — ಇಡೀ ಪ್ರಬಂಧ ಆ ಒಂದು ಮಾತಿನಲ್ಲಿತ್ತು. ನನಗೆ ತಕ್ಷಣ ಅರ್ಥವಾಯಿತು. ಕಡೆದ ನೀರು ಆರು ತೊಟ್ಟಿಗಳಲ್ಲಿ ಮಾತ್ರ; ಅವೇ ಆರರಲ್ಲಿ ನನ್ನ ಮೇವೂ ಇದೆ. ಕೊನೆಯಲ್ಲಿ ಆ ಮರಿಗಳು ಗಟ್ಟಿಯಾದರೆ, ಅದು ಮೇವಿನಿಂದಲೋ ಕೈಯಿಂದಲೋ ಹೇಳಲು ಯಾರಿಂದಲೂ ಆಗದು.

ಆಗ ದಾರಿಗಳಿದ್ದವು. ಗೋಡೆಯ ಬದಿಯ ತೊಟ್ಟಿಗಳಲ್ಲೂ ಹಾಗೆಯೇ ಮಾಡಿ ಎನ್ನಬಹುದಿತ್ತು. ಸರ್‌ಗೆ ಹೇಳಿ ಮತ್ತೆ ಮೊದಲಿನಿಂದ ಶುರುಮಾಡಬಹುದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ "ಬಾಗಿಲ ಸಾಲು — ಮಾ. ಕೈ — ದಿನಕ್ಕೆ ಎರಡು ಸಲ" ಎಂದು ಬರೆದೆ. ಯಾವತ್ತಾದರೂ ಸರಿಪಡಿಸುವವಳ ಹಾಗೆ. ಮಾವಶಿಗೆ ಏನೂ ಹೇಳಲಿಲ್ಲ. ಮತ್ತೆ ಐದು ವಾರ ದಿನಾ ನೋಡುತ್ತಾ ಹೋದೆ — ನೋಡುತ್ತಾ, ಗೋಡೆಯ ಬದಿಯ ನನ್ನ ಆರು ತೊಟ್ಟಿಗಳಿಗೆ ಮೇವನ್ನು ಮೆಲ್ಲಗೆ, ಅಲೆಯೇಳದ ಹಾಗೆ ಉದುರಿಸುತ್ತಾ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮನೆಯಲ್ಲಿ ತೊಂದರೆ ಇರಲಿಲ್ಲ. ಯಾರೂ ಅವಸರ ಮಾಡುತ್ತಿರಲಿಲ್ಲ. ಒಳ್ಳೆಯ ಫಲಿತಾಂಶ ಬರುತ್ತದೆಂದು ಗೊತ್ತಾಗಿಬಿಟ್ಟಿತ್ತು, ಅದು ನನಗೆ ಬೇಕಿತ್ತು. ಅಷ್ಟೇ.

ಎಂಟನೇ ವಾರದ ಪರೀಕ್ಷೆ. ಮರಿಗಳನ್ನು ಬಲೆಯಲ್ಲಿ ಎತ್ತಿ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಗಾಳಿಯಲ್ಲಿ ಹಿಡಿದು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು, ಆ ಚೀಲಗಳನ್ನು ಅಲುಗಾಡುವ ಮೇಜಿನ ಮೇಲೆ ಆರು ಗಂಟೆ ಇಟ್ಟೆವು. ಮರುದಿನ ಎಣಿಕೆ. ಗೋಡೆಯ ಸಾಲಿನ ಚೀಲಗಳಲ್ಲಿ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಬಾಗಿಲ ಸಾಲಿನವು — ಹೆಚ್ಚುಕಡಿಮೆ ಎಲ್ಲವೂ — ಮೇವಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಉಳಿದವುಗಳ ಲೆಕ್ಕಕ್ಕೆ ಕಾಗದದ ಮೇಲೆ ಎರಡು ಗೆರೆ ಎಳೆದೆ, ಸಾಲಿಗೊಂದು. ಎಷ್ಟು ದೂರ ದೂರ ನಿಂತಿದ್ದವು ಆ ಗೆರೆಗಳು. ಅಷ್ಟು ಚಂದದ ಚಿತ್ರ ನಾನು ಬೇರೆ ಬರೆದಿಲ್ಲ.

ಸರ್ ನೋಡಲು ಬಂದಾಗ ಮಾವಶಿ ಬದುಕುಳಿದು ತೊಟ್ಟಿಗೆ ಮರಳಿದ ಮರಿಗಳಿಗೆ ಮೇವು ಹಾಕಿ, ಎಂದಿನಂತೆ ತೋಳು ಇಳಿಸಿದ್ದರು. ಸರ್ ಬಾಗಿಲಲ್ಲೇ ನಿಂತರು.

"ಏನಮ್ಮ ಇದು? ಇವರು ದಿನಾ ಹೀಗೇ ಮಾಡ್ತಾರಾ?" ಕೋಪವಿರಲಿಲ್ಲ. ಕುತೂಹಲವಿತ್ತು. "ಮಾಡ್ತಿದ್ರೆ ಹೇಳ್ಬಿಡು. ಅದೂ ಒಳ್ಳೇ ವಿಷಯವೇ. ಇನ್ನೊಂದ್ಸಲ ಮಾಡೋಣ, ಈ ಸಲ ಅವರ ಕೈಯನ್ನೂ ಸೇರಿಸಿ ನೋಡೋಣ. ಎರಡು ಮೂರು ತಿಂಗಳು ಹೋಗುತ್ತೆ ಅಷ್ಟೇ."

ಬಾಗಿಲನ್ನು ಅವರು ಇಷ್ಟು ಅಗಲವಾಗಿ ತೆರೆದಿಟ್ಟಿದ್ದರು.

"ಇಲ್ಲ ಸರ್," ಎಂದೆ. "ಇವತ್ತೇ ಮೊದಲು."

ಅವರು ಒಂದು ಕ್ಷಣ ನನ್ನನ್ನು ನೋಡಿ, ತಲೆಯಾಡಿಸಿ, "ಸರಿ, ನೀನು ಹೇಳಿದ್ಮೇಲೆ ಮುಗೀತು" ಎಂದು ಹೊರಟುಹೋದರು. ಮಾವಶಿ ನೀರಿಳಿಯುವ ತೋಳನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದರು. ನಾವು ಆಡಿದ್ದರಲ್ಲಿ ಒಂದು ಪದವೂ ಅವರಿಗೆ ತಿಳಿದಿರಲಿಲ್ಲ. ತಮ್ಮ ಬಗ್ಗೆಯೇ ಮಾತಾಡಿದ್ದು ಎಂದು ಮಾತ್ರ ತಿಳಿದಿತ್ತು.

"ಸಾಹೇಬ್ ಕಾಯ್ ಮ್ಹಣಾಲೆ?" ಸಾಹೇಬರು ಏನಂದರು?

ಲೋಕಲ್‌ನಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ ನಾವೆಲ್ಲ ಮಾಡುವುದೇ — ಎದುರಿನವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ಆಡಿ ಮುಗಿಸುವುದು. ಚಿಕ್ಕಂದಿನಿಂದ ಅದೊಂದು ಬೆಚ್ಚಗಿನ ಗುಟ್ಟು ನಮಗೆ. ಆವತ್ತು ನಾನು ಅದನ್ನು ಒಬ್ಬ ಹೆಂಗಸಿನ ಮೇಲೆ ಪ್ರಯೋಗಿಸಿದೆ.

"ಸಾಹೇಬರಿಗೆ ಸಿಟ್ಟು ಬಂದಿತ್ತು ಮಾವಶಿ," ಎಂದೆ ಮರಾಠಿಯಲ್ಲಿ. "ನಾನು ಸಂಭಾಳಿಸಿದೆ. ಇನ್ನು ಮೇಲೆ ನೀರಿಗೆ ಕೈ ಹಾಕಬೇಡಿ. ಮರಿಗಳು ಉಳಿದದ್ದು ಮೇವಿನಿಂದ. ಕೈ ಹಾಕಿದರೆ ಅವಕ್ಕೆ ಕೆಟ್ಟದ್ದೇ."

ಅವರ ಮುಖ ಸಣ್ಣದಾಯಿತು. "ಹಾಗಾ? ಇಷ್ಟು ದಿನ ಕೆಟ್ಟದ್ದು ಮಾಡ್ದೆನಾ ನಾನು?"

ಆಗಲೂ — ಆಗಲೂ ಬಾಯಿ ಬಿಡಬಹುದಿತ್ತು. "ಪರವಾಗಿಲ್ಲ, ಗೊತ್ತಿರಲಿಲ್ಲವಲ್ಲ" ಎಂದೆ. ದೊಡ್ಡ ಮನಸ್ಸಿನವಳ ಹಾಗೆ.

ಮರುದಿನ ಮಾವಶಿ ನನಗಾಗಿ ಅಕ್ಕಿಯ ಭಾಕ್ರಿ, ಒಣಸಿಗಡಿಯ ಚಟ್ನಿ ಕಟ್ಟಿಕೊಂಡು ಬಂದರು. ಕೆಲಸ ಉಳಿಸಿದ್ದಕ್ಕೆ. ತಿಂದೆ. ರುಚಿಯಾಗಿತ್ತು. ಊಟವಾದ ಮೇಲೆ ಕೈ ತೊಳೆದು ಬಂದು, ನೋಟ್‌ಬುಕ್ಕಿನ ಆ ಪೆನ್ಸಿಲ್ ಸಾಲನ್ನು ರಬ್ಬರಿನಿಂದ ಒರೆಸಿದೆ.

ಮುಂದಿನದು ನಿಮಗೆ ಗೊತ್ತಿರುವುದೇ. ಪದವಿ, ಶಾಲು, ಫೋಟೋ. ಠಾಣೆಯಲ್ಲಿ ಮೀನಿನ ಆಹಾರ ತಯಾರಿಸುವ ಒಂದು ಕಂಪನಿಯ ಕಚೇರಿಯಲ್ಲಿ ಕೆಲಸ. ನನ್ನ ಮೇವು ಈಗ ಅವರ ಚೀಲಗಳಲ್ಲಿ ಮಾರಾಟವಾಗುತ್ತದೆ. ಚೀಲದ ಮೇಲೆ ಜಿಗಿಯುವ ಮೀನಿನ ಚಿತ್ರ, ಕೆಳಗೆ ನನ್ನದೇ ಗೆರೆಗಳ ಪುಟ್ಟ ನಕಲು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾವಶಿಯ ಹೆಸರೂ ಇದೆ — "ತೊಟ್ಟಿಗಳ ಸ್ವಚ್ಛತೆಗೆ ನೆರವಾದವರು" ಎಂದು.

ಕಳೆದ ತಿಂಗಳು ಬೆಳಿಗ್ಗೆ ಲೋಕಲ್ ರೈಲು ದಿವಾ ಸ್ಟೇಷನ್ ದಾಟುವ ಮುನ್ನ ನಿಂತುಬಿಟ್ಟಿತ್ತು. ಮಹಿಳೆಯರ ಡಬ್ಬಿಯಲ್ಲಿ ಯಾರದೋ ಮೊಣಕೈ ನನ್ನ ಬೆನ್ನಿಗೆ, ನನ್ನ ಚೀಲ ಯಾರದೋ ಹೊಟ್ಟೆಗೆ. ಫೋನ್ ರಿಂಗಾಯಿತು. ಮಾವಶಿ.

ನಿವೃತ್ತಿಯಾದ ಮೇಲೆ ಅವರು ಹಳ್ಳಿಯ ಹೆಂಗಸರ ಒಂದು ಗುಂಪು ಸೇರಿದ್ದರು. ಹತ್ತು ಜನ, ಊರ ಕೆರೆಯಲ್ಲಿ ಮರಿ ಸಾಕಿ ಮಾರುವುದು. "ನಮ್ಮ ಪೋರಿ ಮಾಡಿದ ಮೇವು" ಎಂದು ಮಾವಶಿಯೇ ಎಲ್ಲರನ್ನೂ ಒಪ್ಪಿಸಿ ನನ್ನ ಮೇವನ್ನು ಹಾಕಿಸಿದ್ದರು. ಗುಂಪಿನಲ್ಲಿ ಇನ್ನೊಬ್ಬ ಹಿರಿಯ ಹೆಂಗಸು, ಸಾಗಿಸುವ ಮುಂಚೆ ನೀರು ಕಡೆಯಬೇಕು, ಬಲೆಯಲ್ಲಿ ಒತ್ತಿ ಅಭ್ಯಾಸ ಮಾಡಿಸಬೇಕು ಎಂದಾಗ ಬೇಡವೆಂದು ತಡೆದವರೂ ಮಾವಶಿಯೇ. ಅದು ಕೆಟ್ಟದ್ದು, ಮೇವೇ ಸಾಕು — ಕಲಿತ ಹುಡುಗಿ ಹೇಳಿದ್ದಾಳೆ. ಮೊದಲ ತಂಡದ ಮರಿಗಳನ್ನು ಕಲ್ಯಾಣದ ಬಳಿಯ ಕೆರೆಯೊಂದಕ್ಕೆ ಟೆಂಪೋದಲ್ಲಿ ಕಳಿಸಿದರು. ಅಲ್ಲಿ ಚೀಲ ಬಿಚ್ಚಿದಾಗ ಬಹುಪಾಲು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಹಾತ್ ಲಾವ್ಲಾ ನಾಹಿ ಗ, ಪೋರಿ," ಎಂದರು ಮಾವಶಿ. "ನಿನ್ನಾಣೆ, ನಾನು ಕೈ ಹಾಕ್ಲೇ ಇಲ್ಲ. ಯಾರಿಗೂ ಹಾಕೋಕೂ ಬಿಡ್ಲಿಲ್ಲ. ಮತ್ತೆ ಯಾಕೆ ಹೀಗಾಯ್ತು? ಎಲ್ಲರೂ ನನ್ನನ್ನೇ ಅಂತಿದ್ದಾರೆ, ಕೆರೆ ಹತ್ರ ಬರಬೇಡ ಅಂತಿದ್ದಾರೆ. ನಾನು ಏನು ತಪ್ಪು ಮಾಡ್ದೆ, ಹೇಳು."

"ನೀರಿನ ಸಮಸ್ಯೆ ಇರಬೇಕು ಮಾವಶಿ," ಎಂದೆ.

ರೈಲು ಹೊರಟಿತು. ಸದ್ದಿನಲ್ಲಿ ಅವರು ಇನ್ನೇನೋ ಹೇಳಿದ್ದು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ನನಗೆ ಹಾಯೆನಿಸಿತು — ಇದನ್ನೂ ಬರೆದುಬಿಡುತ್ತೇನೆ.

ಆಮೇಲಿನ ಮೂರು ವಾರ ಒಂದೆಡೆ ಕೂರಲಾಗಲಿಲ್ಲ. ಕಚೇರಿಯಲ್ಲಿ ಒಂದೇ ಕೋಷ್ಟಕವನ್ನು ನಾಲ್ಕು ಸಲ ತಿದ್ದಿದೆ. ಮನೆಗೆ ಬಂದು ಕಪಾಟು ಖಾಲಿ ಮಾಡಿ, ಮತ್ತೆ ಜೋಡಿಸಿ, ಮತ್ತೆ ಖಾಲಿ ಮಾಡಿದೆ. ಆ ಶಾಲು ಸಿಕ್ಕಿತು, ಮಡಿಕೆ ಬಿಚ್ಚಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಎಂಥ ಹುಡುಕ್ತಿದ್ದಿ ನೀನು?"

ಹೇಳಿದೆ. ಎಲ್ಲ. ಅಮ್ಮ ಮಂಚದ ತುದಿಯಲ್ಲಿ ಕೂತು ಕೇಳಿದಳು. "ಈಗ ಯಾಕೆ ಹೇಳ್ಲಿಕ್ಕೆ ಹೋಗ್ತಿ ಮಾರಾಯ್ತಿ? ನೀನು ಹೇಳದಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದಳು. ಆಮೇಲೆ ತಾನೇ ತಲೆ ತಗ್ಗಿಸಿ, "ಅವರು ಭಾಕ್ರಿ ತಂದು ಕೊಟ್ಟದ್ದು ಇದಕ್ಕಾ?" ಎಂದು ಕೇಳಿದಳು. ನಾನು ಹೂಂ ಎಂದೆ. ಅಮ್ಮ ಎದ್ದು ಒಳಗೆ ಹೋದಳು.

ಎರಡನೇ ತಂಡದ ಮರಿಗಳು ಕೆರೆಯಲ್ಲಿವೆ, ಭಾನುವಾರ ಸಾಗಿಸುತ್ತಾರೆ ಎಂದು ಕಂಪನಿಯ ಮಾರಾಟದವರಿಂದ ಕಿವಿಗೆ ಬಿತ್ತು. ಅಭ್ಯಾಸ ಮಾಡಿಸಲು ಮೂರು ದಿನವಾದರೂ ಬೇಕು. ಅದು ಬುಧವಾರ. ಗುರುವಾರ ರಜೆ ಹಾಕಿ, ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಮರಾಠಿಯ ಒಂದೇ ವಾಕ್ಯವನ್ನು ಬಾಯೊಳಗೆ ಹೊರಳಿಸುತ್ತಿದ್ದೆ — ಮೀ ಖೋಟಂ ಬೋಲಲೆ, ನಾನು ಸುಳ್ಳು ಹೇಳಿದೆ. ಮರಾಠಿ ನನಗೆ ಆಟದ ಭಾಷೆ, ಶಾಲೆಯ ಭಾಷೆ. ಆವತ್ತು ಆ ಮೂರು ಪದ ಪರಭಾಷೆಯಂತೆ ನಾಲಗೆಗೆ ಅಂಟುತ್ತಿತ್ತು.

ಮಾವಶಿ ಮನೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಅಗ ಪೋರಿ! ಬಾ, ಬಾ. ಇನ್ನೂ ಕಡ್ಡಿಯಾಗೇ ಇದ್ದೀಯ." ಕೂತರೆ ಮಾತು ಹೊರಡದು ಎಂದು ನಿಂತೇ ಹೇಳಿದೆ. ಸರ್ ಸಿಟ್ಟಾಗಿರಲಿಲ್ಲ. ಅವರು ಕೇಳಿದ್ದು ಇದು. ನಾನು ಹೇಳಿದ್ದು ಇದು. ಮರಿಗಳು ಉಳಿದದ್ದು ನಿಮ್ಮ ಕೈಯಿಂದ ಇರಬೇಕು; ನನಗೆ ಮೊದಲೇ ಗೊತ್ತಿತ್ತು. ರೈಲಿನಲ್ಲಿ ಫೋನ್ ಬಂದಾಗಲೂ ಗೊತ್ತಿತ್ತು.

ಅವರು ಬೈಯಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆಯನ್ನೆಲ್ಲ ಮಡಿಲಿನಿಂದ ಒಟ್ಟುಮಾಡಿ, ಎದ್ದು, ಹೊರಗೆ ಕೊಡವಿ ಬಂದರು. ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಹೇಳಿದರು:

"ಮ್ಯಾಡಮ್, ಹೇ ತ್ಯಾಂನಾ ಸಾಂಗಾ." ಇದನ್ನು ಅವರಿಗೆ, ಗುಂಪಿನ ಹೆಂಗಸರಿಗೆ ಹೇಳಿ.

ಪೋರಿ ಅಲ್ಲ. ಮ್ಯಾಡಮ್. ನೀನು ಅಲ್ಲ, ನೀವು.

ಹತ್ತು ಹೆಂಗಸರೂ ಕೆರೆಯ ದಂಡೆಯಲ್ಲಿ ಸೇರಿದರು. ಮಾವಶಿ ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ. ಅವರ ನಡುವೆ ಹೋಗಿ ಕೂತರು. ನಾನು ಮತ್ತೊಮ್ಮೆ ಹೇಳಿದೆ, ಒಂದನ್ನೂ ಬಿಡದೆ. ನೀರು ಕಡೆಯಬೇಕು ಎಂದಿದ್ದ ಆ ಹಿರಿಯ ಹೆಂಗಸು ಸೊಂಟಕ್ಕೆ ಕೈಯಿಟ್ಟು ಕೇಳಿದರು: "ಮ್ಯಾಡಮ್, ಪುಸ್ತಕ ಬರೆದ್ರಿ, ಮೇವು ಮಾಡಿದ್ರಿ. ನಿಮ್ಮ ಕೈ ಯಾವತ್ತಾದ್ರೂ ನೀರಿಗೆ ಹೋಗಿದೆಯಾ?" ಯಾರೋ ನಕ್ಕರು. ಇನ್ನೊಬ್ಬರು, "ಬಳೆ ಇಲ್ಲ, ವಾಚ್ ಇದೆ. ಬಿಚ್ಚಿಸಿ ಮೊದಲು" ಎಂದರು. ಬಿಚ್ಚಿದೆ. ನಾಲ್ಕು ಗೂಟಕ್ಕೆ ಕಟ್ಟಿದ ಬಲೆಯೊಳಗೆ ಮರಿಗಳನ್ನು ಒಟ್ಟುಮಾಡಿದ್ದರು. ಮಾವಶಿ ಸೆರಗು ಸಿಕ್ಕಿಸಿ ನೀರಿಗಿಳಿದರು — ಯಾರೂ ತಡೆಯಲಿಲ್ಲ — ಹೇಗೆ ಕಡೆಯಬೇಕು, ಎಲ್ಲಿ ನಿಲ್ಲಿಸಬೇಕು, ಮರಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸಾಕು ಎಂದು ಹೇಗೆ ತಿಳಿಯಬೇಕು ಎಂದು ತೋರಿಸಿದರು. ನನ್ನ ಕಡೆ ನೋಡದೆ, ಎಲ್ಲರಿಗೂ ತೋರಿಸುವ ಹಾಗೆ. ನಾನೂ ಕೈ ಇಳಿಸಿದೆ. ನೂರಾರು ಮರಿಗಳು ಬೆರಳ ಸಂದಿಯಲ್ಲಿ ಹಾದುಹೋದವು. ಎಂಟು ವಾರ ಎಣಿಸಿದವಳು ನಾನು, ಮುಟ್ಟಿರಲಿಲ್ಲ.

ಆ ಸಂಜೆಯೇ ಸರ್‌ಗೆ ಪತ್ರ ಬರೆದು ಕಳಿಸಿದೆ, ಕಂಪನಿಗೂ. ಸರ್ ಒಂದೇ ಸಾಲು ಉತ್ತರಿಸಿದ್ದಾರೆ: "ಅವತ್ತೇ ಹೇಳಬಾರದಿತ್ತೇನಮ್ಮ." ಪದವಿಯ ಬಗ್ಗೆ ಕೇಂದ್ರದವರು ಏನು ನಿರ್ಧರಿಸುತ್ತಾರೋ ಗೊತ್ತಿಲ್ಲ. ಕಂಪನಿಯವರು ಸೋಮವಾರ ಬರಹೇಳಿದ್ದಾರೆ. ಶಾಲನ್ನು ಸಂಘದ ಕಚೇರಿಗೆ ಮುಟ್ಟಿಸುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ಆ ಹಳೆಯ ಸಂಚಿಕೆ ಮನೆಯಲ್ಲಿದ್ದರೆ, ನನ್ನ ಫೋಟೋದ ಕೆಳಗಿನ ಮಾತನ್ನು ಹೊಡೆದುಹಾಕಿ. ಬೇಬಿ ಮಾವಶಿ ಎಂಬವರಿಗೆ ತಂದೆಯಿಂದ ಬಂದ ಒಂದು ವಿದ್ಯೆ ಗೊತ್ತಿತ್ತು, ಅದನ್ನು ಕಣ್ಣಾರೆ ಕಂಡವಳು ಮುಚ್ಚಿಟ್ಟಳು ಎಂದು ಬರೆದುಕೊಳ್ಳಿ. ನನ್ನ ಮೇವಿನಿಂದ ಏನಾದರೂ ಆಯಿತೇ — ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನೇ.

ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಮರಿಗಳು ಚೀಲ ಸೇರುತ್ತವೆ. ಕಲ್ಯಾಣದಲ್ಲಿ ಚೀಲಗಳನ್ನು ಮ್ಯಾಡಮ್ಮೇ ಬಿಚ್ಚಬೇಕು ಎಂದು ಹೆಂಗಸರು ಹೇಳಿದ್ದಾರೆ. ಮಾವಶಿಗೆ ಫೋನ್ ಮಾಡಿ, ಟೆಂಪೋದಲ್ಲಿ ಮುಂದಿನ ಸೀಟು ಬೇಡ, ಹಿಂದೆ ಚೀಲಗಳ ಜೊತೆಗೇ ಕೂರುತ್ತೇನೆ ಎಂದೆ.

"ಬರಂ," ಎಂದರು. ಆಗಲಿ. ಹೆಸರು ಹಿಡಿಯಲಿಲ್ಲ, ಪೋರಿ ಎನ್ನಲಿಲ್ಲ. ಫೋನ್ ಇಟ್ಟರು.